ಹೆಸರಿಲ್ಲದ ಬೇನೆ: ವೈದ್ಯಚರಿತ್ರೆಯ ಒಂದು ಪ್ರಶ್ನೆ

ಜಮಖಂಡಿ ಮತ್ತು ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಅವುಗಳ ಅರಸುಮನೆತನಗಳ ಚರಿತ್ರೆಯನ್ನು ಬರೆದವರುಂಟು; ಆ ನಾಡಿನಲ್ಲಿ ದುಡಿದವರ ದೇಹದ ಚರಿತ್ರೆಯನ್ನು ಬರೆದವರು ವಿರಳ. ಪ್ಲೇಗು, ಕಾಲರಾಗಳಿಗೆ ಸರಕಾರಗಳು ಲೆಕ್ಕವಿಟ್ಟವು, ಏಕೆಂದರೆ ಅವು ಕೊಲ್ಲುತ್ತಿದ್ದವು. ಕೊಲ್ಲದೆ ವರ್ಷಗಟ್ಟಲೆ ಕಾಡುವ ನೋವಿಗೆ ಅಂಥ ಲೆಕ್ಕವಿಲ್ಲ. ಈ ಮೌನವನ್ನೇ ನಾವಿಲ್ಲಿ ವಿಚಾರಿಸಬಯಸುತ್ತೇವೆ.

ರಬಕವಿ-ಬನಹಟ್ಟಿಯ ನೇಕಾರಿಕೆಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಕುಣಿಮಗ್ಗದ ನೇಕಾರನು ನೆಲದಂಚಿಗೆ ಕುಳಿತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ಹಲಗೆಗಳನ್ನು ತುಳಿಯುತ್ತ ಲಾಳಿಯನ್ನು ಓಡಿಸುತ್ತಾನೆ. ಸೊಂಟ, ಭುಜ, ಮೊಣಕಾಲುಗಳ ಮೇಲೆ ಇದರ ಭಾರ ಬೀಳುವುದು ಸಹಜ. ಮುಧೋಳ, ಬೀಳಗಿಗಳ ಹೊಲಗಳಲ್ಲಿ ಬಾಗಿ ಕಬ್ಬು ಕಡಿಯುವವರ ಬೆನ್ನಿನ ಸ್ಥಿತಿಯೂ ಬೇರೆಯಲ್ಲ. ಗಾಯವಿಲ್ಲ, ಬಾವಿಲ್ಲ, ಜ್ವರವಿಲ್ಲ. ಆದುದರಿಂದ ರೋಗವೇ ಇಲ್ಲವೆಂಬ ತೀರ್ಮಾನವು ಸುಲಭವಾಗುತ್ತದೆ. ಇಟಲಿಯ ವೈದ್ಯನಾದ ಬರ್ನಾರ್ಡಿನೊ ರಾಮಝಿನಿಯು 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿ, ರೋಗಿಯ ಕಸುಬು ಯಾವುದೆಂಬುದನ್ನೂ ವೈದ್ಯನು ಕೇಳತಕ್ಕದ್ದೆಂದು ವಿಧಿಸಿದನು. ಆ ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟರೆ ನೇಕಾರನ ಬೇನೆಗೆ ಕಾರಣವು ಕಾಣುವುದೇ ಇಲ್ಲ.

ಆದರೆ ಕಾರಣವು ಕಾಣದಿದ್ದಾಗಲೂ ನೋವನ್ನು ನಂಬಬೇಕೆಂಬುದಕ್ಕೆ ಕರ್ನಾಟಕದಲ್ಲಿಯೇ ಸಾಕ್ಷ್ಯವಿದೆ. ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಬಡ ದಲಿತ ಕುಟುಂಬಗಳ ಸೊಂಟ, ಮೊಣಕಾಲುಗಳ ಕೀಲುಗಳಲ್ಲಿ ತೀವ್ರ ವೇದನೆ ಕಾಣಿಸಿಕೊಂಡಿತು, ಹಲವರು ನಡೆಯಲಾರದಾದರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ತಜ್ಞರು ತನಿಖೆ ನಡೆಸಿದರು. ಗದ್ದೆಯ ಏಡಿಗಳನ್ನು ತಿಂದವರ ಮೈಗೆ ಕೀಟನಾಶಕ ಸೇರಿತೆಂಬ ಶಂಕೆಯೂ ಹುಟ್ಟಿತು. ಮುಂದಿನ ಸಂಶೋಧನೆಗಳು ಇದು ವಂಶಾನುಗತವಾದ ಮೂಳೆರೋಗವೆಂಬ ಕಡೆಗೆ ಬೆರಳು ತೋರಿದವು. ವಿವರಣೆಗಳು ಬದಲಾದವು, ಆ ಜನರ ನೋವು ಮಾತ್ರ ಮೊದಲ ದಿನದಿಂದಲೂ ನಿಜವಾಗಿತ್ತು.

ವೈದ್ಯಶಾಸ್ತ್ರವೂ ಈಗ ಇತ್ತ ತಿರುಗಿದೆ. ನೋವನ್ನು ಅನುಭವಿಸುವವನ ಮಾತನ್ನು ಗೌರವಿಸಬೇಕೆಂದು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 2020ರಲ್ಲಿ ಸಾರಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವು, ಮೂರು ತಿಂಗಳು ಮೀರಿದ ನೋವು ತಾನೇ ಒಂದು ರೋಗವಾಗಿರಬಹುದೆಂದು ಒಪ್ಪಿತು.

ಇನ್ನು ಚರಿತ್ರಕಾರರ ಪಾಲಿನ ಕೆಲಸ ಉಳಿದಿದೆ. ಈ ಊರುಗಳ ವೃದ್ಧ ನೇಕಾರರ ಮತ್ತು ಕೃಷಿಕಾರ್ಮಿಕರ ಮಾತುಗಳನ್ನು ನಮ್ಮ ವಿದ್ಯಾರ್ಥಿಗಳು ಅವರಿರುವಾಗಲೇ ಬರೆದಿಟ್ಟುಕೊಳ್ಳಬೇಕು. ದಾಖಲೆಯಿಲ್ಲದಿರುವುದು ನೋವಿಲ್ಲದಿರುವುದಕ್ಕೆ ಪ್ರಮಾಣವಾಗಲಾರದು.