ಆ ಒಂದು ಓಟು ಬಿದ್ದಿದ್ದರೆ

ಇವರು ಗೆದ್ದಿದ್ದರೆ, ಅವರು ಸೋತಿದ್ದರೆ ಅಂತ ಚರಿತ್ರೆಯನ್ನು ಮಗುಚಿ ನೋಡುವುದು ಪಂಡಿತರಿಗೆ ಇಷ್ಟದ ಆಟ. 2000ದ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಫ್ಲೋರಿಡಾ ರಾಜ್ಯದ 537 ಓಟು ಬುಷ್ ಅವರನ್ನು ಗದ್ದುಗೆಗೆ ಏರಿಸಿತು. ಗೋರ್ ಗೆದ್ದಿದ್ದರೆ ಇರಾಕಿನ ಯುದ್ಧ ಆಗುತ್ತಿತ್ತೇ ಅಂತ ಕೇಳುವವರು ಇವತ್ತಿಗೂ ಇದ್ದಾರೆ. ನಾವು ಕೇಳುವುದು ಬೇರೆ. ಜೈಲುಶಿಕ್ಷೆ ಮುಗಿಸಿ ಬಂದವರಿಗೂ ಓಟು ಕೊಡದ ಕಾನೂನು ಆಗ ಅಲ್ಲಿತ್ತು. ಅದರ ಏಟು ಹೆಚ್ಚಾಗಿ ಬಿದ್ದದ್ದು ಕಪ್ಪು ಜನರ ಮೇಲೆ. ಅವರಿಗೆ ಓಟು ಇದ್ದಿದ್ದರೆ?

ಅಷ್ಟು ದೂರ ಯಾಕೆ? 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು! ಸೋತವರ ಕಾರು ಓಡಿಸುತ್ತಿದ್ದವನಿಗೇ ಅವತ್ತು ಓಟು ಹಾಕಲು ಆಗಲಿಲ್ಲ ಅಂತ ಆಮೇಲೆ ಪತ್ರಿಕೆಗಳಲ್ಲಿ ಬಂತು.

ಆ ಓಟು ಬಿದ್ದಿದ್ದರೆ ಲೆಕ್ಕ ಸರಿಸಮ. ಕಾನೂನಿನಂತೆ ಚೀಟಿ ಎತ್ತಬೇಕಿತ್ತು. ಚೀಟಿಯಲ್ಲಿ ಕೃಷ್ಣಮೂರ್ತಿಯವರೇ ಗೆದ್ದರೆನ್ನಿ. ಕಾಂಗ್ರೆಸ್ 65ರಿಂದ 64ಕ್ಕೆ ಇಳಿಯುತ್ತಿತ್ತು, ದಳ 58ರಿಂದ 59ಕ್ಕೆ ಏರುತ್ತಿತ್ತು. ಎರಡೂ ಕೂಡಿ ಧರ್ಮಸಿಂಗ್ ಸರ್ಕಾರ ಮಾಡಿದವು; ಒಟ್ಟು ಅದೇ 123. ಗದ್ದುಗೆಯ ಚರಿತ್ರೆ ಇಲ್ಲಿಗೆ ಮುಗಿಯಿತು. ನಮ್ಮ ಚರಿತ್ರೆ ಮುಗಿಯುವುದಿಲ್ಲ. ದುಡಿಯುವವನಿಗೆ ಓಟಿನ ದಿನವೂ ಬಿಡುವಿಲ್ಲ ಅನ್ನುವುದೇ ಅದರ ಮೊದಲ ಸಾಲು.

1891ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಚುನಾವಣೆ ಬಂದಾಗ ಓಟು ಇದ್ದದ್ದು ಆಸ್ತಿಯುಳ್ಳವರಿಗೆ. ನಮ್ಮ ಕೇರಿಗಳಿಗೆ ಎಲ್ಲಿಯ ಆಸ್ತಿ? 1928ರಲ್ಲಿ ಬಾಬಾಸಾಹೇಬರು ಸೈಮನ್ ಆಯೋಗದ ಮುಂದೆ ವಯಸ್ಕರೆಲ್ಲರಿಗೂ ಓಟು ಬೇಕು ಅಂದರು. 1951-52ರ ಚುನಾವಣೆಯಲ್ಲಿ ನಮ್ಮ ಅಜ್ಜ-ಅಜ್ಜಿಯರ ತಲೆಮಾರಿಗೆ ಅದು ದಕ್ಕಿತು. ಅಕ್ಷರ ನಮ್ಮ ಮನೆಗಳಿಗೆ ಬರುವುದಕ್ಕೆ ಮುಂಚೆಯೇ ಓಟು ಬಂತು.

ಬಂದ ಓಟು ಈಗ ಎಲ್ಲಿದೆ? ನಮ್ಮ ಹೆಗ್ಗನಹಳ್ಳಿಗೆ ಬಂದು ನೋಡಿ. ಪೀಣ್ಯದ ಗಾರ್ಮೆಂಟ್ಸಿಗೆ, ಲೇತ್ ಮಿಷಿನ್ನಿಗೆ ಮೈ ಕೊಟ್ಟವರು ಇಲ್ಲಿ ಬಾಡಿಗೆ ಕೋಣೆಗಳಲ್ಲಿ ಇದ್ದಾರೆ. ಮೈ ಇಲ್ಲಿ, ಎಷ್ಟೋ ಜನರ ಹೆಸರು ಊರಿನ ಪಟ್ಟಿಯಲ್ಲಿ. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು ಅಂತ 1996ರಿಂದ ಕಾನೂನಿದೆ. ಆದರೆ ಒಂದು ದಿನದ ರಜೆಯಲ್ಲಿ ರಾಯಚೂರಿಗೆ ಹೋಗಿ ಬರುವುದು ಹೇಗೆ? ಬಸ್ ಚಾರ್ಜಿಗೆ ಯಾರ ಮುಂದೆ ಕೈ ಒಡ್ಡಬೇಕು? ಅಲ್ಲಿ ಹಾಕಲಾಗದೆ, ಇಲ್ಲಿ ಪಟ್ಟಿಯಲ್ಲಿಲ್ಲದೆ, ನೀರು-ಚರಂಡಿ ಕೇಳಲು ಹೋದರೆ ‘ನಿಮ್ಮ ಓಟು ಎಲ್ಲಿದೆ?’ ಅನ್ನಿಸಿಕೊಳ್ಳಬೇಕು.

ಹೆಸರನ್ನು ಇರುವ ಜಾಗಕ್ಕೆ ತರಲು 8ನೇ ನಮೂನೆಯ ಅರ್ಜಿ ಇದೆ. ಅದಕ್ಕೆ ವಿಳಾಸದ ದಾಖಲೆ ಬೇಕು. ಬಾಡಿಗೆ ಕರಾರು ಬರೆದುಕೊಡದ ಓನರುಗಳು ಬೇಕಾದಷ್ಟು. ಮತಪಟ್ಟಿ ಹಿಡಿದು ಮನೆಮನೆ ಸುತ್ತುವ ಮೇಷ್ಟ್ರುಗಳು ಈ ಪುಟ ಓದುವವರಲ್ಲೂ ಇದ್ದಾರೆ. ನಿಮ್ಮಲ್ಲಿ ನಮ್ಮ ಕೇಳಿಕೆ ಇಷ್ಟೇ: ಬೀಗ ಹಾಕಿದ ಕೋಣೆ ಕಂಡರೆ ‘ಯಾರೂ ಇಲ್ಲ’ ಅಂತ ಬರೆಯಬೇಡಿ. ಶಿಫ್ಟ್ ಮುಗಿಯುವ ಹೊತ್ತಿಗೆ ಇನ್ನೊಂದು ಸಲ ಬಾಗಿಲು ತಟ್ಟಿ.