ದೋಷವೇ ನಾದವಾದ ಬಗೆ

ಕಾವ್ಯದಲ್ಲಿ ದೋಷವೆನಿಸಿದ್ದು ಆಡುವವನ ಮತ್ತು ಸಂದರ್ಭದ ಔಚಿತ್ಯದಿಂದ ಗುಣವೂ ಆಗಬಲ್ಲದೆಂಬುದು ಮಮ್ಮಟನ ಅಭಿಪ್ರಾಯ. ತರಗತಿಗಳಲ್ಲಿ ಈ ಮಾತನ್ನು ಬಹುಕಾಲ ವಿವರಿಸಿದ ನನಗೆ, ಅದರ ಸ್ಪಷ್ಟವಾದ ನಿದರ್ಶನವೊಂದು ದೊರೆತದ್ದು ಪಾಶ್ಚಾತ್ಯರ ವಿದ್ಯುತ್ ಗಿಟಾರಿನ ಚರಿತ್ರೆಯಲ್ಲಿ. ಗಿಟಾರಿಗೂ ಧ್ವನಿವರ್ಧಕಕ್ಕೂ ನಡುವೆ ನೆಲದ ಮೇಲಿರಿಸಿ ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆಯೊಂದುಂಟು. ಅದರ ಹೆಸರು ‘ಫಜ್’. ನುಣುಪಾದ ನಾದವನ್ನು ಒರಟುಗೊಳಿಸುವುದೇ ಅದರ ಕಾರ್ಯ.

ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಗಾಯಕ ಮಾರ್ಟಿ ರಾಬಿನ್ಸನ ‘ಡೋಂಟ್ ವರಿ’ ಎಂಬ ಹಾಡಿನ ಧ್ವನಿಮುದ್ರಣ ನಡೆದಿತ್ತು. ಗ್ರೇಡಿ ಮಾರ್ಟಿನ್ ಆರು ತಂತಿಗಳ ಬೇಸ್ ಗಿಟಾರ್ ನುಡಿಸುತ್ತಿದ್ದಾಗ, ಮುದ್ರಣಯಂತ್ರದ ಒಂದು ಭಾಗ ಕೆಟ್ಟು, ನಾದವು ಹರಿದ ಬಟ್ಟೆಯಂತೆ ಕರ್ಕಶವಾಗಿ ಹೊರಟಿತು. ಆ ಭಾಗವನ್ನು ಅಳಿಸಿ ಮತ್ತೆ ನುಡಿಸಬಹುದಾಗಿತ್ತು. ಹಾಗೆ ಮಾಡದೆ ಉಳಿಸಿಕೊಂಡರು. 1961ರಲ್ಲಿ ಹೊರಬಂದ ಆ ಹಾಡು ಅಲ್ಲಿನ ಗ್ರಾಮ್ಯಸಂಗೀತದ ಜನಪ್ರಿಯತಾ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೇರಿತು.

ಆ ದನಿ ಇತರರಿಗೂ ಬೇಕೆನಿಸಿತು. ಆದರೆ ಕೆಟ್ಟ ಯಂತ್ರ ಎಷ್ಟು ದಿನ ತಾಳೀತು? ಮುದ್ರಣದ ಎಂಜಿನಿಯರ್ ಗ್ಲೆನ್ ಸ್ನಾಡಿ, ರೆವಿಸ್ ಹಾಬ್ಸ್ ಎಂಬಾತನೊಡಗೂಡಿ, ಅದೇ ವಿಕಾರವನ್ನು ಟ್ರಾನ್ಸಿಸ್ಟರುಗಳಿಂದ ಬೇಕೆಂದಾಗ ಹುಟ್ಟಿಸುವ ಉಪಾಯವನ್ನು ರೂಪಿಸಿದ. ಗಿಬ್ಸನ್ ಕಂಪನಿ ಅದನ್ನು ಕೊಂಡು, 1962ರಲ್ಲಿ ‘ಮೇಸ್ಟ್ರೋ ಫಜ್-ಟೋನ್’ ಎಂದು ಮಾರುಕಟ್ಟೆಗೆ ತಂದಿತು. ಇದರೊಳಗೆ ನಡೆಯುವುದಿಷ್ಟೇ: ತಂತಿಯ ಕಂಪನದಿಂದೇಳುವ ವಿದ್ಯುತ್ ಅಲೆಯನ್ನು ಮಿತಿಮೀರಿ ಹಿಗ್ಗಿಸಿದಾಗ ಅದರ ನೆತ್ತಿ ಕತ್ತರಿಸಿಹೋಗುತ್ತದೆ. ಆಗ ಮೂಲಸ್ವರದೊಡನೆ ಇಲ್ಲದ ಉಪಸ್ವರಗಳು ಹುಟ್ಟುತ್ತವೆ; ಮೀಟಿದ ಕೂಡಲೇ ಕ್ಷೀಣಿಸಬೇಕಾದ ಸ್ವರ ಊದಿದ ಸ್ವರದಂತೆ ದೀರ್ಘವಾಗಿ ನಿಲ್ಲುತ್ತದೆ.

ತಯಾರಕರು ಇದನ್ನು ಕಹಳೆ, ಚೆಲ್ಲೋ ಮುಂತಾದ ವಾದ್ಯಗಳ ಅನುಕರಣೆಯೆಂದು ಜಾಹೀರು ಮಾಡಿದರು. ಅಂಗಡಿಗಳಿಗೆ ಮೊದಲ ವರ್ಷ ಸುಮಾರು 5,000 ಪೆಟ್ಟಿಗೆಗಳು ಹೋದವು. ಮುಂದಿನ ಎರಡು ವರ್ಷ ಕೇಳುವವರೇ ಇಲ್ಲ. ವಾದ್ಯಗಾರರು ಆ ದನಿಯನ್ನು ಬಯಸಲಿಲ್ಲವೆಂದಲ್ಲ. 1958ರಲ್ಲಿಯೇ ಲಿಂಕ್ ರೇ ಧ್ವನಿವರ್ಧಕಕ್ಕೆ ತೂತು ಕೊರೆದಿದ್ದ. 1964ರಲ್ಲಿ ಡೇವ್ ಡೇವಿಸ್ ಅದನ್ನು ಬ್ಲೇಡಿನಿಂದ ಸೀಳಿದ. ಅವರಿಗೆ ಬೇಕಾಗಿದ್ದುದು ಕಹಳೆಯ ನಕಲಲ್ಲ, ಹರಿದ ದನಿಯೇ.

1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್, ‘ಸ್ಯಾಟಿಸ್ಫ್ಯಾಕ್ಷನ್’ ಹಾಡಿಗೆ ಈ ಪೆಟ್ಟಿಗೆಯನ್ನು ಬಳಸಿದ. ಮುಂದೆ ಅಲ್ಲಿ ಕಹಳೆಗಳನ್ನು ಕೂಡಿಸಬೇಕೆಂಬುದು ಅವನ ಎಣಿಕೆ. ಅಷ್ಟರಲ್ಲಿ ಹಾಡು ಇದ್ದಂತೆಯೇ ಹೊರಬಿದ್ದು ಲೋಕಪ್ರಸಿದ್ಧವಾಯಿತು. ಅಂಗಡಿಗಳಲ್ಲಿ ಉಳಿದಿದ್ದ ಪೆಟ್ಟಿಗೆಗಳೂ ಮಾರಿಹೋದವು. ಕೇಳಿದವರಾರೂ ಕಹಳೆಯ ಕೊರತೆಯನ್ನು ಕಾಣಲಿಲ್ಲ.

ಇನ್ನೊಂದರ ಅನುಕರಣೆಯಾಗಿರುವವರೆಗೆ ಆ ದನಿ ಕೊರತೆಯಾಗಿಯೇ ಇತ್ತು. ತನ್ನ ದನಿಯಾಗಿಯೇ ಕಿವಿಗೆ ಬಿದ್ದ ದಿನ ಗುಣವಾಯಿತು. ಮಮ್ಮಟ ಹೇಳಿದ ಔಚಿತ್ಯವೆಂದರೆ ಇದೇ ಎಂದು ನಾನು ಭಾವಿಸುತ್ತೇನೆ.