ಬಿಟಿ ಬದನೆ ಸಾರ್ವಜನಿಕ ಸಮಾಲೋಚನೆ (2010)

ಕುಲಾಂತರಿ ಆಹಾರ ಬೆಳೆಯೊಂದನ್ನು ಹೊಲಕ್ಕೆ ಬಿಡಬೇಕೇ ಬೇಡವೇ ಎಂಬುದನ್ನು ಭಾರತ ಸರ್ಕಾರ ಜನರ ಮುಂದಿಟ್ಟು ಚರ್ಚಿಸಿದ ಪ್ರಕ್ರಿಯೆ. ಬಿಟಿ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಕ್ರೈ1ಎಸಿ ಜೀನ್ ಸೇರಿಸಿ, ಕುಡಿ ಮತ್ತು ಕಾಯಿ ಕೊರೆಯುವ ಹುಳುವಿಗೆ ಜಗ್ಗದಂತೆ ಮಹಿಕೋ ಕಂಪನಿ ರೂಪಿಸಿದ್ದ ಬದನೆಗೆ ಕೇಂದ್ರದ ಕುಲಾಂತರಿ ಅನುಮೋದನಾ ಸಮಿತಿ (ಜಿಇಎಸಿ) 2009ರ ಅಕ್ಟೋಬರ್ 14ರಂದು ಒಪ್ಪಿಗೆ ಕೊಟ್ಟಿತು. ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ಕೂಡಲೇ ಅಂಕಿತ ಹಾಕದೆ, 2010ರ ಜನವರಿ 13ರಿಂದ ಫೆಬ್ರುವರಿ 6ರವರೆಗೆ ಏಳು ನಗರಗಳಲ್ಲಿ ಸಭೆ ನಡೆಸಿದರು. ಕೋಲ್ಕತ್ತದಲ್ಲಿ ಶುರುವಾಗಿ ಬೆಂಗಳೂರಿನಲ್ಲಿ ಮುಗಿದ ಈ ಸಭೆಗಳಿಗೆ ಸುಮಾರು 8,000 ಜನ ಬಂದಿದ್ದರು. ಫೆಬ್ರುವರಿ 9ರಂದು ಬೆಳೆಗೆ ಅನಿರ್ದಿಷ್ಟ ತಡೆ ಬಿತ್ತು.

ವಿಜ್ಞಾನದ ಸತ್ಯವನ್ನು ಕೈ ಎತ್ತಿಸಿ ತೀರ್ಮಾನಿಸಲಾಗದು ಎಂಬುದು ಅಂದು ಹಲವು ವಿಜ್ಞಾನಿಗಳು ಎತ್ತಿದ ಆಕ್ಷೇಪ. ಆ ಮಾತು ಸರಿಯೇ. ಕೆಲವು ಸಭೆಗಳಲ್ಲಿ ಕೂಗಾಟವೇ ಮೇಲಾದದ್ದೂ ನಿಜ. ಆದರೆ ಸಭೆಗೆ ಬಂದ ಪ್ರಶ್ನೆಗಳೆಲ್ಲ ಒಂದೇ ಜಾತಿಯವಲ್ಲ. ಆ ಜೀನ್ ತಯಾರಿಸುವ ಪ್ರೋಟೀನು ಉಣ್ಣುವವರಿಗೆ ಹಾನಿಯೇ ಎಂಬುದು ಪ್ರಯೋಗಾಲಯದ ಪ್ರಶ್ನೆ. ಬೀಜದ ಒಡೆತನ ಯಾರದು, ಮಾರುಕಟ್ಟೆಯಲ್ಲಿ ಕೊಳ್ಳುವವರಿಗೆ ಯಾವುದು ಯಾವ ಬದನೆ ಎಂದು ತಿಳಿಯುವ ಬಗೆ ಹೇಗೆ ಎಂಬುವು ಅಲ್ಲಿ ಬಗೆಹರಿಯುವಂಥವಲ್ಲ. ಕರ್ನಾಟಕಕ್ಕಂತೂ ಇವು ಮನೆಯಂಗಳದ ಪ್ರಶ್ನೆಗಳೇ ಆಗಿದ್ದವು: ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಈ ಜೀನನ್ನು ನಮ್ಮ ನಾಡಿನ ಬದನೆ ತಳಿಗಳಿಗೇ ಸೇರಿಸಲಾಗಿತ್ತು. ಎರಡು ಬಗೆಯ ಪ್ರಶ್ನೆಗಳನ್ನು ಬೇರ್ಪಡಿಸಿ, ಒಂದೊಂದಕ್ಕೂ ತಕ್ಕ ಸಾಕ್ಷ್ಯ ಕೇಳುವ ಏರ್ಪಾಡು ಆ ಸಭೆಗಳಲ್ಲಿ ಇರಲಿಲ್ಲ. ಲೋಪವಿದ್ದದ್ದು ಇಲ್ಲಿ, ಬಾಗಿಲು ತೆರೆದದ್ದರಲ್ಲಿ ಅಲ್ಲ.

ಬಾಗಿಲು ಮುಚ್ಚಿದ್ದರೆ ವಿಜ್ಞಾನದ ಮಾನ ಉಳಿಯುತ್ತಿತ್ತು ಎನ್ನಲು ಆಧಾರ ಸಿಗುವುದಿಲ್ಲ. ಕಂಪನಿಯ ಸುರಕ್ಷತಾ ಪರೀಕ್ಷೆಗಳ ಪೂರ್ಣ ವಿವರ ಹೊರಬಂದದ್ದೇ ಮಾಹಿತಿ ಹಕ್ಕಿನ ಹೋರಾಟ ಮತ್ತು ಸುಪ್ರೀಂ ಕೋರ್ಟಿನ ನಿರ್ದೇಶನದ ಬಳಿಕ, 2008ರಲ್ಲಿ. ಹೊರಗಿನ ವಿಜ್ಞಾನಿಗಳು ಅದನ್ನು ಜರಡಿ ಹಿಡಿಯಲು ಸಾಧ್ಯವಾದದ್ದು ಆಮೇಲೆ. ಇನ್ನೂ ನೋವಿನ ನಿದರ್ಶನ ತಡೆಯ ನಂತರದ್ದು. ದೇಶದ ಆರು ವಿಜ್ಞಾನ ಅಕಾಡೆಮಿಗಳು ಸೇರಿ 2010ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿ ಬಿಟಿ ಬದನೆಯ ಸೀಮಿತ ಬಿಡುಗಡೆಗೆ ಶಿಫಾರಸು ಮಾಡಿತು. ಅದರ ಕೆಲವು ಸಾಲುಗಳು ಕುಲಾಂತರಿ ಬೆಳೆಗಳ ಪರವಾದ ಲೇಖನವೊಂದರಿಂದ ಯಥಾವತ್ತಾಗಿ ಬಂದಿದ್ದವೆಂದು ಬಯಲಾಗಿ, ಡಿಸೆಂಬರಿನಲ್ಲಿ ವರದಿಯನ್ನು ಪರಿಷ್ಕರಿಸಬೇಕಾಯಿತು. ಗದ್ದಲದ ಸಭೆಗಳು ಕಸಿದುಕೊಳ್ಳದ ನಂಬಿಕೆಯನ್ನು ತಜ್ಞರ ಈ ಅವಸರ ಕಳೆಯಿತು.

ತಡೆಯಿಂದ ರೈತರಿಗೆ ನಷ್ಟವಾಯಿತೆಂಬ ವಾದವನ್ನೂ ತಳ್ಳಿಹಾಕುವಂತಿಲ್ಲ. ಯಾವ ಪರೀಕ್ಷೆ ಗೆದ್ದರೆ, ಎಷ್ಟು ದಿನದಲ್ಲಿ ತಡೆ ತೆರವಾಗುತ್ತದೆಂದು ಆದೇಶ ಖಚಿತವಾಗಿ ಹೇಳಲಿಲ್ಲ. ಬಾಂಗ್ಲಾದೇಶ ಇದೇ ಜೀನಿನ ಬದನೆಗೆ 2013ರಲ್ಲಿ ಅನುಮತಿ ಕೊಟ್ಟಿತು. ಅಲ್ಲಿ ಅದನ್ನು ರೈತರ ಕೈಗಿತ್ತದ್ದು ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ. ಹಾಗಾಗಿ ಬೆಂಗಳೂರಿನ ಸಭೆಯನ್ನು ಕಾಡಿದ ಬೀಜದ ಒಡೆತನದ ಪ್ರಶ್ನೆ ಅಲ್ಲಿ ಬೇರೆಯದೇ ರೂಪದಲ್ಲಿತ್ತು.